ಫೇಲಮ್ಮ ಪಾಸು ಮಾಡಿದ ದಿನ

ಸಾರಿಗೆ ಕಚೇರಿಯಿಂದ ನಿವೃತ್ತಳಾಗಿ ಎಷ್ಟೋ ವರ್ಷವಾದ ಮೇಲೂ ಆಕೆ ಬಸ್ಸು ಹತ್ತಿದರೆ ಡ್ರೈವರ್ ಕಾಣುವಂಥ ಪಕ್ಕದ ಸೀಟನ್ನೇ ಹಿಡಿಯುತ್ತಿದ್ದಳು. ಕಣ್ಣು ಹೊರಗಿನ ಅಂಗಡಿಗಳ ಮೇಲಲ್ಲ, ಡ್ರೈವರನ ಕಾಲಿನ ಮೇಲೆ. ಕ್ಲಚ್ಚು ಪೂರ್ತಿ ಒತ್ತದೆ ಗೇರು ಬದಲಿಸಿದರೆ ಆಕೆಯ ಬಾಯಿಂದ ‘ಚ್ಚು’ ಎಂದು ಸಣ್ಣ ಸದ್ದು ಹೊರಡುತ್ತಿತ್ತು. ಊರಿನ ಹಳೆಯ ಡ್ರೈವರುಗಳು ಆ ಸದ್ದಿಗೆ ಈಗಲೂ ನೆಟ್ಟಗೆ ಕೂರುತ್ತಿದ್ದರು. ಅವರಲ್ಲಿ ಅರ್ಧ ಜನರಿಗೆ ಲೈಸೆನ್ಸ್ ಕೊಟ್ಟವಳು ಆಕೆ. ಉಳಿದರ್ಧ ಜನರನ್ನು ಮೊದಲ ಸಲ ಬರಿಗೈಯಲ್ಲಿ ವಾಪಸು ಕಳಿಸಿದವಳೂ ಆಕೆಯೇ.

ಅತ್ತವರನ್ನು ಆಕೆ ಫೇಲು ಮಾಡಿದ್ದಳು, ತನ್ನನ್ನು ಬೈದವರನ್ನು ಪಾಸು ಮಾಡಿದ್ದಳು. ಒಡಹುಟ್ಟಿದ ತಂಗಿಯನ್ನೇ ಫೇಲು ಮಾಡಿದ್ದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಆ ತಂಗಿ ಆಮೇಲೆ ಸ್ಟೀರಿಂಗ್ ಮುಟ್ಟಲೇ ಇಲ್ಲ. ಈಗ ಇಬ್ಬರೂ ಒಂದೇ ಮನೆಯಲ್ಲಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅಕ್ಕ ಹೇಳಿದರೆ ಸಾಕು, ‘ಇದರಲ್ಲೂ ಫೇಲಾ?’ ಎಂದು ತಂಗಿ ಕುಟುಕುತ್ತಿದ್ದಳು.

ಊರಲ್ಲಿ ಆಕೆಗೆ ಫೇಲಮ್ಮ ಎಂದು ಹೆಸರು. ಆ ಹೆಸರು ಬರಲು ಕಾರಣ ಬಾಣ ಎಂಬವನು.

ಬಾಣ ಎಂದರೆ ಇದೇ ಊರಿನಲ್ಲಿ ಬೆಳೆದು, ಕಾರು ರೇಸಿನಲ್ಲಿ ದೇಶವೇ ತಿರುಗಿ ನೋಡುವಂತೆ ಗೆದ್ದವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಆತ ಲೈಸೆನ್ಸಿಗೆ ಬಂದಾಗ ಪರೀಕ್ಷೆ ಮಾಡಿದವಳು ಆಕೆ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ; ಆ ಕಚೇರಿಯ ಮೊದಲ ಹೆಣ್ಣು ಪರೀಕ್ಷಕಿ. ಫೇಲು ಮಾಡಿದಳು. ಮುಂದಿನ ತಿಂಗಳು ಆತ ಇನ್ನೊಬ್ಬ ಪರೀಕ್ಷಕನ ಬಳಿ ಪಾಸಾದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೊದಲ ದೊಡ್ಡ ಗೆಲುವಿನ ದಿನ ಆತ ಮೈಕ್ ಹಿಡಿದು, ‘ನಮ್ಮೂರಲ್ಲಿ ಒಬ್ಬರು ಮೇಡಂ ನನ್ನನ್ನ ಲೈಸೆನ್ಸ್ ಪರೀಕ್ಷೇಲಿ ಫೇಲ್ ಮಾಡಿದ್ರು. ಯಾಕೆ ಗೊತ್ತಾ? ನನ್ನ ವೇಗಕ್ಕೆ ಅವರಿಗೆ ತಲೆ ಸುತ್ತು ಬಂತಂತೆ’ ಎಂದು ಹೇಳಿ, ಒಂದು ಗಳಿಗೆ ಸುಮ್ಮನಾದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಆತ ಹೋದಲ್ಲೆಲ್ಲ ಆ ಮಾತು ಹೇಳಿದ, ಅದೇ ಜಾಗದಲ್ಲಿ ಸುಮ್ಮನಾದ, ಜನ ನಕ್ಕರು. ಆಕೆಯ ನಿವೃತ್ತಿಯ ದಿನ ಮೇಲಧಿಕಾರಿಯೂ ಭಾಷಣದಲ್ಲಿ ಅದನ್ನೇ ಹೇಳಿದ. ಹೂಗುಚ್ಛ ಹಿಡಿದು ವೇದಿಕೆಯ ಮೇಲೆ ಕೂತಿದ್ದ ಆಕೆ, ತಾನು ಅಷ್ಟು ವರ್ಷ ದುಡಿದದ್ದು ಈ ಒಂದು ನಗೆಗೆ ಎಂಬಂತೆ, ಎದುರಿನ ನಗುವ ಬಾಯಿಗಳನ್ನು ನೋಡಿದಳು.

ನಡೆದದ್ದೇ ಬೇರೆ. ಅಂದು ಕಾರು ಜೋರಾಗಿಯೂ ಹೋಗಿರಲಿಲ್ಲ. ಜೀಬ್ರಾ ಪಟ್ಟೆಯ ಮೇಲೆ ಒಬ್ಬ ಮುದುಕ ದಾಟುತ್ತಿದ್ದ. ಹುಡುಗ ನಿಲ್ಲಿಸಲಿಲ್ಲ. ಮುದುಕ ಹಿಂದಕ್ಕೆ ಹಾರಿ, ಆಯ ತಪ್ಪಿ, ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತ. ಹುಡುಗ ಕನ್ನಡಿಯಲ್ಲೂ ಹಿಂದೆ ನೋಡಲಿಲ್ಲ. ಆಕೆ ಫೇಲು ಎಂದು ಬರೆದಳು.

ಈ ವಾರಾಂತ್ಯ ಬಾಣನ ಗೌರವಕ್ಕೆಂದು ಸ್ಪೋರ್ಟ್ಸ್ ಕಾರು ಕ್ಲಬ್ಬಿನವರು ಊರಿಗೆ ಬರುವವರಿದ್ದರು. ಶನಿವಾರ ಹೋಟೆಲಿನಲ್ಲಿ ಸನ್ಮಾನ. ಭಾನುವಾರ ಆತನ ಕಾರಿನ ಹಿಂದೆ ಎಲ್ಲರ ಕಾರುಗಳೂ ಸಾಲಾಗಿ ಹಳೆಯ ರೇಸು ಮೈದಾನಕ್ಕೆ ಹೋಗುವುದು. ಅದಕ್ಕೆ ಮೊದಲೇ ಕ್ಲಬ್ಬಿನ ಅಧ್ಯಕ್ಷ ಅಕ್ಕ ತಂಗಿಯರ ಮನೆಗೆ ಬಂದ. ತಂಗಿ ಇಸ್ತ್ರಿ ಮಾಡುತ್ತಿದ್ದ ಮೇಜಿನ ಪಕ್ಕದಲ್ಲೇ ಆತನಿಗೆ ಕುರ್ಚಿ ಹಾಕಬೇಕಾಯಿತು.

“ಒಂದು ಸಣ್ಣ ತಮಾಷೆ ಮೇಡಂ,” ಎಂದ ಅಧ್ಯಕ್ಷ. “ಶನಿವಾರ ನೀವು ಬಾಣ ಅವರಿಗೆ ಮತ್ತೊಂದ್ಸಲ ಪರೀಕ್ಷೆ ಮಾಡ್ಬೇಕು. ಮತ್ತೆ ಫೇಲ್ ಮಾಡ್ಬೇಕು. ಅಷ್ಟೇ.”

“ಸರಿಯಾಗಿ ಓಡಿಸಿದ್ರೆ?”

“ಸರಿಯಾಗಿ ಓಡಿಸಿದ್ರೂ ಫೇಲ್ ಮೇಡಂ. ಇಲ್ದಿದ್ರೆ ನಗು ಎಲ್ಲಿಂದ ಬರುತ್ತೆ?”

ಆತ ಹೋದ ಮೇಲೆ ತಂಗಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು. “ಹೋಗಿ ನಕ್ಕು ಬಂದ್ಬಿಡು ಅಕ್ಕ. ಒಂದ್ಸಲ ನಕ್ರೆ ನಿನ್ನ ಗಂಟೇನು ಹೋಗುತ್ತೆ?”

“ಹೋಗ್ತೀನಿ. ಆದ್ರೆ ನಗೋಕಲ್ಲ. ಆವತ್ತು ಯಾಕೆ ಫೇಲ್ ಮಾಡ್ದೆ ಅಂತ ಅವನ ಬಾಯಿಂದ್ಲೇ ನಾಲ್ಕು ಜನರ ಮುಂದೆ ಹೇಳಿಸ್ಬೇಕು. ಇಲ್ದಿದ್ರೆ ನಾನು ಸತ್ತಾಗ್ಲೂ ಜನ ಆ ಜೋಕ್ ಹೇಳ್ಕೊಂಡೇ ಹೆಗಲು ಕೊಡ್ತಾರೆ.”

ಶನಿವಾರ ಬೆಳಗ್ಗೆ ಹೋಟೆಲಿನ ಅಂಗಳದ ತುಂಬ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿಕೊಂಡಂಥ ಕಾರುಗಳು. ಕ್ಲಬ್ಬಿನವರೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟಿದ್ದರು. ಎದೆಯ ಮೇಲೆ ‘ಮತ್ತೆ ಫೇಲ್’ ಎಂದು ಅಚ್ಚಾಗಿತ್ತು. ಕಪ್ಪು ಕನ್ನಡಕದವನೊಬ್ಬ ಮುಂದೆ ಬಂದು ಆಕೆಯ ಕೈಗೆ ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟ.

“ತಲೆ ಸುತ್ತು ಬಂದು ವಾಂತಿ ಗೀಂತಿ ಆದ್ರೆ ಇರ್ಲಿ ಮೇಡಂ.”

ಸುತ್ತಲೂ ನಗು. ಆಕೆ ಚೀಲವನ್ನು ಬಿಡಿಸಿ, ತೂತು ಇದೆಯೇ ಎಂದು ನೋಡಿ, ನೀಟಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. “ತರಕಾರಿಗೆ ಆಗುತ್ತೆ,” ಎಂದಳು.

ಪರೀಕ್ಷೆಗೆಂದು ಒಂದು ಸಾದಾ ಸಣ್ಣ ಕಾರು ತಂದು ನಿಲ್ಲಿಸಿದ್ದರು. ಬಾಣ ಬಂದು ಕೂತ. ಕೂದಲು ಹಣ್ಣಾಗಿತ್ತು, ಕುತ್ತಿಗೆ ಸೊರಗಿತ್ತು, ಠೀವಿ ಮಾತ್ರ ಮೊದಲಿನದೇ.

“ಬೆಲ್ಟ್,” ಎಂದಳು ಆಕೆ.

“ಗೊತ್ತು.”

“ಗೊತ್ತಿದ್ರೆ ಹಾಕ್ಕೊಳ್ಳಿ.”

ಕಾರು ಬೀದಿಗಿಳಿಯಿತು. ಬೇಕರಿ ದಾಟಿದ ಮೇಲೆ ಆಕೆಯೇ ಕೇಳಿದಳು: “ಆವತ್ತು ನಿಮ್ಮ ಗಾಡಿ ಆಮೆ ಥರ ಹೋಗ್ತಿತ್ತು. ವೇಗ ಅಂತ ಯಾಕೆ ಹೇಳ್ತಾ ಬಂದ್ರಿ?”

“ರಸ್ತೆ ದಾಟ್ತಿದ್ದ ಮುದುಕನಿಗೆ ನಿಲ್ಲಿಸ್ಲಿಲ್ಲ ಅಂದ್ರೆ ಯಾರು ನಗ್ತಾರೆ ಮೇಡಂ?”

“ಅಂದ್ರೆ ನೆನಪಿದೆ.”

“ಇಲ್ದೆ ಏನು? ಛತ್ರಿ ಹಿಡ್ಕೊಂಡಿದ್ದ.”

ಆಕೆಗೆ ಮೈಯೆಲ್ಲ ಉರಿದುಹೋಯಿತು. ಮರೆತಿರಬಹುದು ಎಂದು ಇಷ್ಟು ವರ್ಷ ಆತನಿಗೆ ಒಂದು ಚೂರು ರಿಯಾಯಿತಿ ಕೊಡುತ್ತ ಬಂದಿದ್ದಳು. ಈಗ ಅದೂ ಇಲ್ಲ.

“ನಿಮ್ಮ ದೆಸೆಯಿಂದ ಇಡೀ ಊರು ನನ್ನನ್ನ ಫೇಲಮ್ಮ ಅನ್ನುತ್ತೆ.”

“ಹೆಸರಾದ್ರೂ ಬಂತಲ್ಲ. ನಿಮ್ಮ ಆಫೀಸಲ್ಲಿ ಕೂತು ಎದ್ದುಹೋದ ಬೇರೆಯವರನ್ನ ಯಾರು ಕೇಳ್ತಾರೆ?”

ಆಕೆ ಪೆನ್ಸಿಲನ್ನು ಬಿಗಿಯಾಗಿ ಹಿಡಿದುಕೊಂಡು ಆತನ ಕಾಲಿನ ಕಡೆಗೆ ಕಣ್ಣು ನೆಟ್ಟಳು. ಒಂದು ತಪ್ಪು ಸಿಕ್ಕರೆ ಸಾಕಿತ್ತು. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕಿದಳು. ಸಿಗ್ನಲ್ ಸರಿ. ಕನ್ನಡಿ ಸರಿ. ಏರಿನಲ್ಲಿ ನಿಲ್ಲಿಸಿ ಹೊರಡಿಸಿದರೆ ಕಾರು ಕೂದಲೆಳೆಯಷ್ಟೂ ಹಿಂದೆ ಜಾರಲಿಲ್ಲ. ಎರಡು ವ್ಯಾನುಗಳ ನಡುವೆ ರಿವರ್ಸ್ ಹಾಕಿಸಿದಳು. ಡ್ರಾಯರನ್ನು ಮುಚ್ಚಿದಂತೆ ಕಾರು ಒಳಗೆ ಹೋಗಿ ನಿಂತಿತು.

“ಯಾಕೆ ಒದ್ದಾಡ್ತೀರಿ? ಸುಮ್ನೆ ಫೇಲ್ ಅಂತ ಬರೀರಿ,” ಎಂದ ಬಾಣ. “ನಾನೂ ಅದಕ್ಕೇ ಬಂದಿರೋದು. ಬೇಕಾದ್ರೆ ಮುಂದೆ ಕಾಣೋ ಆ ಜೀಬ್ರಾ ಪಟ್ಟೆ ಹತ್ರ ನಿಲ್ಲಿಸೋದಿಲ್ಲ, ನಿಮ್ಮ ಕೆಲಸ ಸುಲಭ ಆಗುತ್ತೆ.”

ಶಾಲೆಯ ಮುಂದಿನ ಪಟ್ಟೆಯ ಹತ್ತಿರ, ಮಗುವಿನ ತಳ್ಳುಗಾಡಿ ಹಿಡಿದ ಹೆಂಗಸೊಬ್ಬಳು ರಸ್ತೆಗೆ ಇಳಿಯಲೋ ಬೇಡವೋ ಎಂದು ನಿಂತಿದ್ದಳು. ಬಾಣನ ಮುಖದಲ್ಲಿ ತುಂಟತನವಿತ್ತು. ಆದರೆ ಕಾಲು ಬ್ರೇಕಿನ ಮೇಲೆ ಹೋಗಿ ಕೂತಿತ್ತು. ಕಾರು ಹೂವಿನ ಹಾಗೆ ನಿಂತಿತು. ತಳ್ಳುಗಾಡಿ ಆಚೆ ಮುಟ್ಟುವ ತನಕ ಆತ ಕದಲಲಿಲ್ಲ.

“ಹಾಳು ಕಾಲು,” ಎಂದು ಗೊಣಗಿದ.

ಆಕೆಯ ಸಿಟ್ಟು ಇನ್ನೂ ಆರಿರಲಿಲ್ಲ. ಫೇಲು ಎಂದು ಬರೆದರೆ ಯಾರೂ ಕೇಳುವವರಿಲ್ಲ. ಅಂಗಿಗಳ ಮೇಲೆ ಆಗಲೇ ಅಚ್ಚಾಗಿದೆ. ಆದರೆ ಇಂದು ಸುಳ್ಳು ಬರೆದರೆ ಅಂದು ಬರೆದದ್ದೂ ಸುಳ್ಳಾಗುತ್ತದೆ. ಹಲ್ಲು ಕಚ್ಚಿ ಬರೆದಳು.

ಅಂಗಳದ ವೇದಿಕೆಯ ಮೇಲೆ ಅಧ್ಯಕ್ಷ ಮೈಕನ್ನು ಆಕೆಯ ಬಾಯಿಗೆ ಹಿಡಿದ. “ಹೇಳಿ ಮೇಡಂ, ಫಲಿತಾಂಶ?”

“ಪಾಸ್.”

ಧ್ವನಿವರ್ಧಕದವನಿಗೆ ಏನು ಹೇಳಿದ್ದರೋ, ಅವನು ಅಳುವ ಪಿಟೀಲಿನ ರಾಗವನ್ನು ಹಾಕಿಯೇಬಿಟ್ಟ. ಯಾರೋ ಓಡಿಹೋಗಿ ನಿಲ್ಲಿಸಿದರು. ‘ಮತ್ತೆ ಫೇಲ್’ ಅಂಗಿಗಳು ಒಂದರ ಮುಖ ಒಂದು ನೋಡಿಕೊಂಡವು. ಅಧ್ಯಕ್ಷ ಸಾವರಿಸಿಕೊಂಡ.

“ಹಾಗಾದ್ರೆ ಆವತ್ತು ನಿಮ್ಮದು ತಪ್ಪಾಗಿತ್ತು ಅಂತ ಒಪ್ಕೊಂಡ ಹಾಗಾಯ್ತು.”

“ಇಲ್ಲ. ಆವತ್ತು ಫೇಲ್, ಇವತ್ತು ಪಾಸ್. ಎರಡೂ ಸರಿ. ಆವತ್ತು ಯಾಕೆ ಫೇಲಾದ್ರು ಅಂತ ಅವರನ್ನೇ ಕೇಳಿ. ಕಾರಲ್ಲಿ ನನಗೆ ಹೇಳಿದ್ದಾರೆ.”

ಮೈಕು ಬಾಣನ ಕೈಗೆ ಹೋಯಿತು. ಆತ ಆಕೆಯನ್ನು ಸುಡುವ ಹಾಗೆ ನೋಡಿದ. ಹಳೆಯ ಮಾತನ್ನೇ ಹೇಳಬಹುದಿತ್ತು. ಆದರೆ ಈಗ ತಾನೇ ನ್ಯಾಯವಾಗಿ ಪಾಸು ಮಾಡಿದವಳ ಮುಂದೆ ಆ ಸುಳ್ಳನ್ನು ಹೇಗೆ ಹೇಳುವುದು? ಸೋತೆ ಎಂದು ತೋರಿಸಿಕೊಳ್ಳುವ ಜಾಯಮಾನವೂ ಆತನದಲ್ಲ.

“ಏನಿಲ್ಲ,” ಎಂದ. “ಒಬ್ಬ ಮುದುಕ ರಸ್ತೆ ದಾಟ್ತಿದ್ದ. ನಾನು ನಿಲ್ಲಿಸ್ಲಿಲ್ಲ. ಬಿದ್ದ. ಸತ್ತೇನೂ ಹೋಗ್ಲಿಲ್ಲ ಬಿಡಿ.”

ಹೇಳಿ, ಅಭ್ಯಾಸದಂತೆ ಒಂದು ಗಳಿಗೆ ಸುಮ್ಮನಾದ.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಅಧ್ಯಕ್ಷನ ವಯಸ್ಸಾದ ತಂದೆ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರು ಮುಖ ತಿರುಗಿಸಿದರು. ಕಪ್ಪು ಕನ್ನಡಕದವನು ಕೆಮ್ಮಿದ. ನಗೆಗೆಂದು ಬಿಟ್ಟ ಆ ಜಾಗ ಖಾಲಿಯಾಗಿಯೇ ಉಳಿಯಿತು. ಅದು ಎಷ್ಟು ಉದ್ದವಿದೆ ಎಂಬುದು ಬಾಣನಿಗೆ ಮೊದಲ ಸಲ ತಿಳಿದಿರಬೇಕು. ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ, ಮತ್ತೆ ಮೊದಲಿನ ಕೈಗೆ ತಂದ.

ಅಧ್ಯಕ್ಷ ಗಡಿಬಿಡಿಯಲ್ಲಿ ಊಟದ ಸಮಯವಾಯಿತೆಂದು ಘೋಷಿಸಿದ. ಮೆಟ್ಟಿಲಿಳಿಯುವಾಗ ಬಾಣ ಆಕೆಯ ಪಕ್ಕಕ್ಕೆ ಬಂದ.

“ನಿಮಗೆ ಬೇಕಾದ್ದು ಸಿಕ್ತಲ್ಲ.”

“ಸಿಕ್ತು.”

“ನಾಳೆಯಿಂದ ಜನರ ಮುಂದೆ ಏನು ಹೇಳ್ಲಿ ನಾನು?”

“ಅಷ್ಟೊಂದು ಗೆದ್ದಿದ್ದೀರಲ್ಲ. ಅದನ್ನೇ ಹೇಳಿ.”

“ಗೆದ್ದಿದ್ದು ಯಾರಿಗೆ ಬೇಕು?” ಎಂದ ಆತ ಕೊಂಕಾಗಿ. ಆಕೆ ಬ್ಯಾಗನ್ನು ಹೆಗಲಿಗೇರಿಸಿ ಗೇಟಿನ ಕಡೆ ನಡೆದಳು. ಅದು ಆತನ ತಲೆನೋವು.

ಗೇಟಿನ ಬಳಿ, ಬೆಳಗ್ಗೆ ಜೊತೆಗೇ ಬಂದಿದ್ದ ತಂಗಿ ಸೆರಗು ಸಿಕ್ಕಿಸಿಕೊಂಡು ಕಾದಿದ್ದಳು. ಅಕ್ಕ ನಿಲ್ಲದೆ ಬಸ್‌ಸ್ಟಾಪಿನ ಕಡೆ ಹೊರಟಾಗ ಹಿಂದಿನಿಂದ ಬಿರಬಿರನೆ ಬಂದಳು.

“ಊಟ ಇತ್ತಲ್ಲೇ ಅಕ್ಕ. ಅವನ ಮೇಲಿನ ಸಿಟ್ಟು ಊಟದ ಮೇಲೆ ಯಾಕೆ?”

“ನೀನು ಬೇಕಾದ್ರೆ ಹೋಗಿ ತಿಂದು ಬಾ.”

“ಈಗ್ಲಾದ್ರೂ ಸಮಾಧಾನ ಆಯ್ತಾ?”

ಆಕೆ ನಡೆಯುತ್ತಲೇ ಯೋಚಿಸಿದಳು. “ಇಲ್ಲ,” ಎಂದಳು. “ಆದ್ರೆ ಸಾಕು.”