ಜಗ್ಗಿ ನೋಡಿದ ಹೊಲಿಗೆ

ಗೋದಾಮಿನ ಹಮಾಲರು ನನ್ನ ಸೋದರಮಾವನಿಗೆ ಇಟ್ಟಿದ್ದ ಹೆಸರು ಡಬಲ್ ಚೆಕ್. ಸಂಜೆ ಸಾಲು ಗೋದಾಮುಗಳ ಶಟರ್ ಎಳೆದು ಬೀಗ ಹಾಕುವುದು ಅವರ ಕೆಲಸ. ಹಾಕಿದ ಬೀಗವನ್ನು ಜಗ್ಗಿ ನೋಡುವರು, ಮುಂದೆ ಹೋದವರು ವಾಪಸು ಬಂದು ಮತ್ತೆ ಜಗ್ಗುವರು. ಮನೆಯಲ್ಲೂ ಅದೇ ಪಾಡು. ಗ್ಯಾಸ್ ಆರಿಸಿದ್ದೇನೆ ಎಂದು ಅತ್ತೆ ಹೇಳಿದರೆ ಸಾಲದು, ಎದ್ದು ಹೋಗಿ ನೋಡಬೇಕು. ನನ್ನ ಮದುವೆ ಗೊತ್ತಾದಾಗ ಹುಡುಗನ ಆಫೀಸಿನ ಎದುರು ಟೀ ಕುಡಿಯುತ್ತಾ ಕಾದು ಕೂತು ಬಂದ ಪುಣ್ಯಾತ್ಮ. “ಒಳಗೇನೋ ಹೋಗ್ತಾನೆ. ಒಳಗೆ ಕೆಲಸ ಮಾಡ್ತಾನಾ ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ” ಎಂದು ವರದಿ ಒಪ್ಪಿಸಿದ್ದರು.

ಇಂಥವರ ಎಡತೊಡೆಯ ಮೂಳೆಯ ಮೇಲ್ತುದಿಯಲ್ಲಿ ಗೆಡ್ಡೆ ಬೆಳೆಯಿತು. ಡಾಕ್ಟರು ಆ ತುದಿಯನ್ನೇ ತೆಗೆದು ಲೋಹದ್ದನ್ನು ಕೂರಿಸಿದರು. ಗೆಡ್ಡೆ ಪೂರ್ತಿ ಹೋಯಿತು ಎಂದಾಗ ಮಾವ ಹೇಗೋ ನಂಬಿದರು. ತೆಗೆದ ಮೂಳೆಯ ಫೋಟೋ ನೋಡಿದ್ದರಲ್ಲ. ಅವರ ತಲೆ ಕೊರೆದದ್ದು ಸ್ನಾಯುವಿನ ವಿಷಯ. ಸೊಂಟದ ಪಕ್ಕದ ಸ್ನಾಯು ಮೊದಲು ಮೂಳೆಗೆ ಅಂಟಿಕೊಂಡಿತ್ತು, ಈಗ ಅಲ್ಲಿ ಮೂಳೆಯೇ ಇಲ್ಲ. ಲೋಹದ ಮೇಲೆ ಬಲೆಯಂಥ ಬಟ್ಟೆ ಸುತ್ತಿ ಸ್ನಾಯುವನ್ನು ಅದಕ್ಕೆ ಹೊಲಿದಿದ್ದರು. ಅದು ಮೆಲ್ಲಗೆ ಬಲೆಯೊಳಗೆ ಬೆಳೆದು ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಎಡಗಾಲು ಊರಿದಾಗಲೆಲ್ಲ ಮೈ ಪಕ್ಕಕ್ಕೆ ವಾಲುತ್ತದೆ.

“ನಾನು ಹೇಳೋವರೆಗೂ ಈ ಬೆಲ್ಟ್ ಬಿಚ್ಚಬೇಡಿ. ಕಾಲನ್ನ ನೀವಾಗಿ ಪಕ್ಕಕ್ಕೆ ಎತ್ತಬೇಡಿ” ಎಂದರು ಡಾಕ್ಟರು. ಬೆಲ್ಟೆಂದರೆ ಸೊಂಟದಿಂದ ಮೊಣಕಾಲಿನವರೆಗೂ ಬಿಗಿದ ಪಟ್ಟಿ.

ಮಾವನಿಗೆ ಬೇಕಾಗಿದ್ದುದು ಒಂದೇ. ಮತ್ತೆ ಆ ಗೋದಾಮಿನ ಸಾಲಿನುದ್ದಕ್ಕೂ ನೆಟ್ಟಗೆ ನಡೆಯಬೇಕು. ಅಷ್ಟು ದೂರ ನಡೆಯಲಾಗದವನ ಕೈಗೆ ಮಾಲೀಕರು ಬೀಗದ ಕೈ ಕೊಡುವುದಿಲ್ಲ.

“ಕಬ್ಬಿಣಕ್ಕೆ ಮಾಂಸ ಹೊಲಿದಿದಾರಂತೆ” ಎಂದರು ಮನೆಗೆ ಬಂದ ಮೇಲೆ. “ನಮ್ಮ ಕಿವಿ ಮೇಲೆ ಹೂ ಇಡ್ತಿದಾರೆ ಕಣೇ. ಹೊಲಿದಿದ್ರೆ ಫೋಟೋ ಯಾಕಿಲ್ಲ?”

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಫಿಸಿಯೋ ಹೆಂಗಸಿನ ಮೇಲೂ ಅನುಮಾನ. ನೋವು ಎಡಗಾಲಿಗೆ, ಕೋಲು ಬಲಗೈಯಲ್ಲಿ ಹಿಡಿಯಿರಿ ಎಂದಳಲ್ಲ, ಇವಳು ಓದಿದ್ದಾಳೋ ಇಲ್ಲವೋ ಎಂದು. ಆಕೆ ಹೋದಮೇಲೆ ಎಡಗೈಯಲ್ಲಿ ಹಿಡಿದು ನೋಡಿದರು, ಮುಗ್ಗರಿಸಿ ಮಂಚದ ಮೇಲೆ ಕೂತರು, ಏನೂ ಆಗದವರಂತೆ ಕೋಲನ್ನು ಬಲಗೈಗೆ ಬದಲಾಯಿಸಿದರು. ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಒಂದು ಮಧ್ಯಾಹ್ನ ನಾನು ಹೋದಾಗ ಅತ್ತೆ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದರು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆಲ್ಟಿನ ಕೆಳಪಟ್ಟಿ ತಿರುಚಿಕೊಂಡಿತ್ತು. ಸಡಿಲಾದಾಗ ಅದನ್ನು ಬಿಗಿ ಮಾಡುತ್ತಿದ್ದ ಅತ್ತೆ ಯಾವತ್ತೂ ಹಾಗೆ ಬಿಟ್ಟವರಲ್ಲ.

“ಬೆಲ್ಟ್ ಬಿಚ್ಚಿದ್ರಾ ಮಾವ?”

“ಇಲ್ಲ. ನಿನಗೆ ಬರೀ ಅನುಮಾನ.”

ಈ ಮಾತು ಅವರ ಬಾಯಲ್ಲಿ ಬಂದದ್ದಕ್ಕೇ ನನ್ನ ಅನುಮಾನ ದುಪ್ಪಟ್ಟಾಯಿತು. ಅವರ ಹಣೆಯ ಮೇಲೆ ಬೆವರಿತ್ತು. ಅತ್ತೆಗೆ ಹೇಳಿದೆ. ಅತ್ತೆ ಕೇಳಿದರು, ಬೈದರು, ಒಂದು ಹೊತ್ತು ಮಾತು ಬಿಟ್ಟರು. ಆಸಾಮಿ ಜಪ್ಪಯ್ಯ ಎಂದರೂ ಬಾಯಿ ಬಿಡಲಿಲ್ಲ.

ಬೆಲ್ಟು ಬಿಚ್ಚಿಸುವ ದಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ನಡೆಯಲು ಹೇಳಿದರು. ಮಾವ ಎಡಗಾಲು ಊರಿದರು, ಇಡೀ ಮೈ ಎಡಕ್ಕೆ ವಾಲಿತು. ಮತ್ತೆ ಊರಿದರು, ಮತ್ತೆ ವಾಲಿತು. ನನಗೆ ನೋಡಲಾಗಲಿಲ್ಲ.

“ಕೆಲವರಿಗೆ ಹೀಗಾಗುತ್ತೆ. ಕಾಲಿಗೆ ಏನಾದ್ರೂ ಏಟು ಬಿತ್ತಾ? ನೀವಾಗಿ ಎತ್ತಿದ್ರಾ?”

“ಇಲ್ಲ ಡಾಕ್ಟ್ರೇ.”

“ಸರಿ. ಹಾಗಾದ್ರೆ ವ್ಯಾಯಾಮ ಮುಂದುವರಿಸೋಣ, ಕಾಯೋಣ.” ಅವರು ಮುಂದಿನವರನ್ನು ಕರೆದರು.

ಹೊರಗಿನ ಬೆಂಚಿನ ಮೇಲೆ ಮಾವ ಕುದಿಯುತ್ತಾ ಕೂತರು. “ಏನು ಮನುಷ್ಯ ಇವರು? ಇಲ್ಲ ಅಂದೆ, ಸರಿ ಅಂದ್ಬಿಟ್ರು. ಇನ್ನೊಂದು ಸಲ ಕೇಳೋದಲ್ವಾ? ನನ್ನ ಮುಖ ನೋಡೋದಲ್ವಾ?”

“ನಂಬಿದ್ರು ಮಾವ.”

“ಅದೇ ಹೇಗೆ ನಂಬ್ತಾರೆ ಅಂತ.” ಅರವತ್ತು ದಾಟಿದ ಗಂಡಸು ಜನ ಓಡಾಡುವ ಜಾಗದಲ್ಲಿ ಅಂಗೈಯಿಂದ ಕಣ್ಣೊರೆಸಿಕೊಂಡಿದ್ದು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವರು ಕೋಲು ಹಿಡಿದು ಎದ್ದರು. ಸರದಿಯಲ್ಲಿದ್ದವರು ಗೊಣಗಿದರೂ ಕೇಳದೆ, ವಾಲುತ್ತಾ ವಾಲುತ್ತಾ ಒಳಗೆ ಹೋದರು. ನಾನು ಹಿಂದೆ ಓಡಿದೆ.

“ನಾನು ಹೇಳಿದ್ದು ಸುಳ್ಳು ಡಾಕ್ಟ್ರೇ. ಹೊಲಿಗೆ ನಿಜವಾಗ್ಲೂ ಇದೆಯಾ ಅಂತ ಬೆಲ್ಟ್ ಬಿಚ್ಚಿ ಕಾಲು ಎತ್ತಿ ನೋಡ್ದೆ. ಒಳಗೆ ಏನೋ ಪಟ್ ಅಂತು.”

ಡಾಕ್ಟರು ಬೈಯಲಿಲ್ಲ. ಪರದೆ ಎಳೆದು ಮಲಗಿಸಿ ಸೊಂಟ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಹೊಲಿಗೆ ಇತ್ತು. ಸ್ನಾಯು ಅದರಿಂದ ಕಿತ್ತು ಬಂದಿತ್ತು.

“ಇನ್ನೊಂದು ಸಲ ಹೊಲಿದು ನೋಡಬಹುದು” ಎಂದರು. “ಇನ್ನೂ ತಡ ಮಾಡಿದ್ರೆ ಅದೂ ಆಗ್ತಿರಲಿಲ್ಲ. ಆದ್ರೆ ಈ ಸಲ ಹಿಡಿಯುತ್ತೋ ಇಲ್ವೋ, ನೆಟ್ಟಗೆ ನಡೀತೀರೋ ಇಲ್ವೋ, ನಾನು ಮಾತು ಕೊಡೋಕಾಗಲ್ಲ.”

ಮಾವನ ಪ್ರಶ್ನೆಗಳ ಸರಮಾಲೆಗೆ ನಾನು ಸಿದ್ಧಳಾಗಿ ನಿಂತೆ. ಅವರು ಡಾಕ್ಟರ ಮುಖವನ್ನೇ ನೋಡುತ್ತಿದ್ದರು.

“ಯಾವತ್ತು ಬರ್ಲಿ?” ಎಂದರು.