ಗಾಜಿನ ಮೇಲಿನ ಕೆಂಪು ರುಮಾಲು

ಹೋದ ತಿಂಗಳು ಬಾಗಲಕೋಟೆಯಲ್ಲಿ ಮೊಮ್ಮಗಳ ಶಾಲೆಗೆ ಹೊಸ ಪ್ರೊಜೆಕ್ಟರ್ ಬಂತೆಂದು ಮನೆಯ ಹಿರಿಯರನ್ನೂ ಕರೆದಿದ್ದರು. ಕಿಟಕಿಗೆ ಪರದೆ ಎಳೆದು ಯಂತ್ರ ಹಚ್ಚಿದರು. ಸ್ವಲ್ಪ ಹೊತ್ತಿಗೆ ಅದರ ಮೈ ಕಾದು, ಧೂಳು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮಕ್ಕಳೆಲ್ಲ ಗೋಡೆ ನೋಡುತ್ತಿದ್ದರು. ನಾನು ಮಾತ್ರ ಕಮತಗಿ ಕಡೆಯ ನಮ್ಮೂರಿನ ಶಾಲೆಯ ಅಂಗಳಕ್ಕೆ ಹೋಗಿಬಿಟ್ಟಿದ್ದೆ... ನಮ್ಮ ಅಕ್ಕೋರ ಹತ್ತಿರ.

ಐವತ್ತರ ದಶಕದ ಮಾತು. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಅಕ್ಕೋರು ಎಂದೇ ಕರೆಯುವುದು. ನಮ್ಮ ಅಕ್ಕೋರು ಬಾದಾಮಿಯವರು. ನನ್ನ ವಯಸ್ಸಿನ ಮಗಳೊಬ್ಬಳನ್ನು ಕಟ್ಟಿಕೊಂಡು ನಮ್ಮೂರಿಗೆ ಬಂದಿದ್ದರು. ಸ್ಟೇಷನ್ನಿನಲ್ಲೇ ಹುಟ್ಟಿದವರೋ ಏನೋ, ಇನ್ನೇನು ಗಾಡಿ ಬಿಟ್ಟೇ ಹೋಗುತ್ತದೆ ಎನ್ನುವಂತೆ ಗಡಿಬಿಡಿಯಲ್ಲಿ ಮಾತಾಡುತ್ತಿದ್ದರು. ನಾನೂ ಅವರ ಮಗಳೂ ಅವರಂತೆ ಮಾತಾಡಿ ತೋರಿಸಿ ನಗುತ್ತಿದ್ದೆವು.

ಆಗ ನಮ್ಮಲ್ಲಿ ನಾರುಹುಣ್ಣು ಬಹಳ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿನಿಂದ ದಾರದಂಥ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯಬೇಕು. ಹುಣ್ಣಿನ ಕಾಲು ಬಾವಿಗೆ ಇಳಿದರೆ ಹುಳದ ಮರಿಗಳು ನೀರು ಸೇರುತ್ತವೆ. ಆ ನೀರನ್ನು ಸೋಸದೆ ಕುಡಿದವರಿಗೆ ಬರುವ ವರ್ಷ ಅದೇ ಹುಣ್ಣು. ಊರಿಗೆ ಇದ್ದದ್ದು ಒಂದೇ ಮೆಟ್ಟಿಲ ಬಾವಿ. ಅದರ ನೀರನ್ನು ಉಳಿಸಲೇಬೇಕೆಂದು ಅಕ್ಕೋರು ಹಟ ತೊಟ್ಟರು.

ಎಲ್ಲಿಂದಲೋ ಒಂದು ಮ್ಯಾಜಿಕ್ ಲ್ಯಾಂಟರ್ನ್ ತಂದರು. ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದ ಬೆಳಕಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸುವ ತಗಡಿನ ಪೆಟ್ಟಿಗೆ ಅದು. ಚಿತ್ರಗಳನ್ನು ತಾವೇ ಬರೆದರು. ಮೊದಲನೆಯದು, ಮಾಡಬಾರದ್ದು: ಒಬ್ಬ ಗಂಡಸು ಹುಣ್ಣಿನ ಕಾಲನ್ನು ಬಾವಿಯ ನೀರಿನಲ್ಲಿ ಇಳಿಬಿಟ್ಟು ಕೂತದ್ದು. ಎರಡನೆಯದು, ಮಾಡಬೇಕಾದ್ದು: ಹೆಂಗಸೊಬ್ಬಳು ಅರಿವೆಯಲ್ಲಿ ನೀರು ಸೋಸುವುದು. ಅಕ್ಕೋರ ಕೈ ಚೆನ್ನಾಗಿತ್ತು, ಅದೇ ಕೆಲಸ ಕೆಡಿಸಿತು. ಆ ಗಂಡಸಿಗೆ ಕೆಂಪು ರುಮಾಲು ಸುತ್ತಿ, ಮೀಸೆ ತೀಡಿ, ನಗುಮುಖ ಕೊಟ್ಟು ಮದುಮಗನನ್ನೇ ಮಾಡಿಟ್ಟಿದ್ದರು. ಹೆಂಗಸಿನ ಹೊತ್ತಿಗೆ ಬಣ್ಣ ಮುಗಿದಿತ್ತು. ಆಕೆ ನಾಲ್ಕು ಮಸಕು ಗೆರೆಗಳಲ್ಲಿ ನಿಂತಿದ್ದಳು.

ಮುಚ್ಚಂಜೆಗೆ ಊರೇ ಅಂಗಳದಲ್ಲಿ ಸೇರಿತು. ಲ್ಯಾಂಟರ್ನಿನೊಳಗಿನ ಗ್ಯಾಸ್ ಬತ್ತಿ ಬುಸುಗುಡುತ್ತಿತ್ತು. ಸುಣ್ಣದ ಗೋಡೆಯ ಮೇಲೆ ಆಳೆತ್ತರದ ಕೆಂಪು ರುಮಾಲು ಬೆಳಗಿದ್ದೇ ತಡ, ಹಿಂದೆ ಕೂತ ಮುದುಕಿಯರು ಕೈ ಮುಗಿದರು. ಅಕ್ಕೋರು ಚಿತ್ರ ತೋರಿಸುತ್ತಲೇ ಹುಳ, ಮರಿ, ನೀರು, ಹೊಟ್ಟೆ ಎಂದು ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋದರು. ನಾನು ಮುಂದೆಯೇ ಕೂತಿದ್ದೆ. ಏನು ಕಂಡೆ ಎಂದು ನನ್ನನ್ನು ಕೇಳಿದ್ದರೆ ನಾನೂ ರುಮಾಲು ಎಂದೇ ಹೇಳುತ್ತಿದ್ದೆ.

ಮರುದಿನ ಬೆಳಿಗ್ಗೆ ಅಕ್ಕೋರ ಹಿಂದೆ ನಾವೂ ಕೊಡ ಹಿಡಿದು ಬಾವಿಗೆ ಹೋದೆವು, ನಾನು ಮತ್ತು ಅವರ ಮಗಳು. ಮೆಟ್ಟಿಲ ಮೇಲೆ ಸಾಲಾಗಿ ಜನ. ಎಲ್ಲರ ಹುಣ್ಣಿನ ಕಾಲೂ ನೀರಿನಲ್ಲಿ. ಗಂಡಸರು ಹಬ್ಬಕ್ಕೆಂದು ಎತ್ತಿಟ್ಟ ರುಮಾಲು ತೆಗೆದು ಸುತ್ತಿಕೊಂಡು ಬಂದಿದ್ದರು! ಸಾಲಿನ ಮೊದಲಿಗೆ ನನ್ನ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ಗದ್ದುಗೆ ಏರಿದವಳಂತೆ ಕೂತಿದ್ದಳು.

"ಬರ್ರಿ ಅಕ್ಕೋರ," ಎಂದಳು ಆಯಿ. "ನೀವು ತೋರಿಸಿದಂಗ ಕುಂತೇನಿ ನೋಡ್ರಿ. ಉರಿ ಭಾಳ ಕಮ್ಮಿ ಆತು."

ಅಕ್ಕೋರ ಕೈಯಿಂದ ಕೊಡ ಜಾರಿ ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ನೀರಿಗೆ ಬಿತ್ತು. "ಆಯಿ, ನಾ ಬ್ಯಾಡ ಅಂದಿದ್ದೆ ಅಲ್ಲರಿ..." ಎಂದರು. ಅವರ ಬಾಯಿಂದ ಅಷ್ಟು ನಿಧಾನದ ಮಾತನ್ನು ನಾನು ಅಂದೇ ಮೊದಲು ಕೇಳಿದ್ದು.

"ದೀಪದ ಸಪ್ಪಳದಾಗ ಯಾರಿಗೆ ಕೇಳಸ್ತದರಿ? ಚಿತ್ರ ಅಂತೂ ಕಂಡಿತಲ್ಲ. ಮಾಡಬಾರದ್ದು ಮಾಡವನ್ನ ಯಾರರೆ ಚಿತ್ರಾ ಬರೀತಾರೇನ್ರಿ?"

ಆಯಿಯದು ತಪ್ಪೆಂದು ಹೇಗೆ ಹೇಳಲಿ? ನಮ್ಮ ಮನೆಗಳ ಗೋಡೆ ಮೇಲೆ ಇದ್ದವರೆಂದರೆ ದೇವರು, ಇಲ್ಲವೇ ಶರಣರು. ಚಿತ್ರದಲ್ಲಿ ಬಂದವರಿಗೆ ಕೈ ಮುಗಿಯಬೇಕು, ಅವರು ನಡೆದಂತೆ ನಡೆಯಬೇಕು. ಬೇಡ ಎಂಬುದು ಅಕ್ಕೋರ ಬಾಯಲ್ಲಿತ್ತು, ಗಾಜಿನ ಮೇಲೆ ಇರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ಅಕ್ಕೋರು ಅಳುತ್ತ ಕೂರಲಿಲ್ಲ. ಮನೆಗೆ ಬಂದು ಬ್ಲೇಡಿನಿಂದ ಆ ರುಮಾಲಿನವನನ್ನು ಕೆರೆದು ತೆಗೆದರು. ಅದೇ ಗಾಜಿನ ಮೇಲೆ ನೀರು ಸೋಸುವ ಹೆಂಗಸನ್ನು ಹೊಸದಾಗಿ ಬರೆದು, ಈ ಸಲ ಕೆಂಪನ್ನೆಲ್ಲ ಆಕೆಯ ಕೈಯಲ್ಲಿನ ಸೋಸುವ ಅರಿವೆಗೆ ತುಂಬಿದರು. ಮತ್ತೆ ಊರನ್ನು ಕರೆದರು. ಚಿತ್ರ ಮೂಡಿಸಿ ಸುಮ್ಮನೆ ನಿಂತರು. ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ, "ಏನ್ ಕಂಡ್ರಿ?" ಎಂದು ಕೇಳಿದರು. ಅವರು ಹೇಳಿದ ಮೇಲೆಯೇ ತಮ್ಮ ಮಾತು, ಅದೂ ಎರಡೇ ಎರಡು. ಆವತ್ತಿನಿಂದ ತರಗತಿಯಲ್ಲೂ ಅದೇ ರೀತಿ: ಮೊದಲು ನೋಡುವುದು, ಆಮೇಲೆ ನಾವು ಹೇಳುವುದು, ಕೊನೆಗೆ ಅವರು. ಊರಿನ ಕೊಡಗಳ ಬಾಯಿಗೆಲ್ಲ ಅರಿವೆ ಬಿತ್ತು. ಬಾವಿಯ ಮೆಟ್ಟಿಲು ಖಾಲಿಯಾಯಿತು. ಗೆದ್ದೆವು ಎಂದುಕೊಂಡೆವು.

ಆದರೆ ನಾರುಹುಣ್ಣಿಗೆ ಒಂದು ವರ್ಷದ ನೆನಪಿರುತ್ತದೆ. ಮುಂದಿನ ಬೇಸಿಗೆ ಅಕ್ಕೋರ ಮಗಳ ಮೊಣಕಾಲಿನ ಹತ್ತಿರ ಬೊಬ್ಬೆ ಎದ್ದಿತು. ಅವರ ಮನೆಯಲ್ಲಿ ಸೋಸದ ನೀರು ಯಾರೂ ಕುಡಿಯುತ್ತಿರಲಿಲ್ಲ. ಆಡಿ ದಣಿದ ಹುಡುಗಿಗೆ ಬಾವಿಯೇ ಹತ್ತಿರ, ಬೊಗಸೆಯೇ ತಂಬಿಗೆ. ಕಡ್ಡಿಗೆ ಸುತ್ತುವಾಗ ಹುಳ ತುಂಡಾಯಿತು. ಮೊಣಕಾಲು ಬಾತು ಮತ್ತೆ ಮಡಚಲೇ ಇಲ್ಲ. ಯಾವ ದಿನದ ನೀರೋ ಯಾರು ಬಲ್ಲರು? ಆಯಿ ಎಷ್ಟು ಸಮಾಧಾನ ಹೇಳಿದರೂ ಅಕ್ಕೋರು ಒಂದೇ ಮಾತು ಹೇಳಿದರು: "ಇದು ನಾ ಬರದ ಚಿತ್ರದ ಹುಳಾ ಐತಿ, ಆಯಿ." ಆ ವರ್ಷವೇ ಅವರಿಗೆ ವರ್ಗವಾಯಿತು. ಚಕ್ಕಡಿ ಗಾಡಿಯಲ್ಲಿ ಗೆಳತಿ ಒಂದು ಕಾಲು ನೀಡಿ ಕೂತಿದ್ದಳು... ಆಮೇಲೆ ಅವರಿಬ್ಬರನ್ನೂ ನಾನು ನೋಡಲಿಲ್ಲ. ಅಕ್ಕೋರು ತೀರಿದ ಸುದ್ದಿ ಬಂದದ್ದು ಎಷ್ಟೋ ವರ್ಷದ ಮೇಲೆ, ಯಾರದೋ ಮದುವೆಯ ಪಂಕ್ತಿಯಲ್ಲಿ.

ಬಾಗಲಕೋಟೆಯ ಆ ಕೋಣೆಯಲ್ಲಿ ವಿದ್ಯುತ್ತಿನ ಪಾಠ ನಡೆದಿತ್ತು. ಗೋಡೆಯ ಮೇಲೆ ಗುಂಗುರು ಕೂದಲಿನ ಮುದ್ದು ಹುಡುಗ, ನಗುನಗುತ್ತ ಪ್ಲಗ್ಗಿನ ತೂತಿಗೆ ಬೆರಳಿಟ್ಟ. ಜೋರು ಸಂಗೀತದ ಅಡಿಯಲ್ಲೆಲ್ಲೋ ಒಂದು ದನಿ ಹೀಗೆ ಮಾಡಬಾರದು ಎನ್ನುತ್ತಿತ್ತು. ಎದ್ದು ನಿಂತುಬಿಟ್ಟೆ.

"ಒಂಚೂರು ನಿಲ್ಲಸ್ರಿ ಟೀಚರ್. ಏನ್ ಕಂಡ್ರಿ ಅಂತ ಮೊದಲ ಹುಡುಗರನ್ನ ಕೇಳ್ರಿ."

ಆ ಟೀಚರ್ ಹುಡುಗಿ ಒಳ್ಳೆಯವಳು, ಮುದುಕಿಯ ಮಾತೆಂದು ನಗಲಿಲ್ಲ. ದೀಪ ಹಚ್ಚಿ ಕೇಳಿದಳು. ನನ್ನ ಮೊಮ್ಮಗಳೂ ಸೇರಿ ಮಕ್ಕಳೆಲ್ಲ ನಗುತ್ತ, ತೋರುಬೆರಳನ್ನು ಮುಂದೆ ಚಾಚಿ ಗಾಳಿಯಲ್ಲಿ ಚುಚ್ಚಿ ತೋರಿಸಿದರು. ಟೀಚರ ಮುಖ ಬಿಳಿಚಿಕೊಂಡಿತು. ಆ ಮುಖವನ್ನು ನಾನು ಮೊದಲೇ ಒಮ್ಮೆ ನೋಡಿದ್ದೆ, ಮೆಟ್ಟಿಲ ಬಾವಿಯಲ್ಲಿ. ಅದಕ್ಕೆ ಸಮಾಧಾನ ಹೇಳಬಲ್ಲವರು ಅಕ್ಕೋರೊಬ್ಬರೇ, ಅವರು ಈಗ ಇಲ್ಲ...