ಕೆರೆದಂಡೆಯಲ್ಲಿ ನಿಂತ ಇದ್ದಲಿ ಮೋಟಾರು

ಧಾರವಾಡದಲ್ಲಿ ಬೆಳಕು ಹರಿಯುವ ಹೊತ್ತು. ಹಳಿಯಾಳಕ್ಕೆ ಮಂದಿಯನ್ನು ಒಯ್ಯುವ ಮೋಟಾರಿನ ಬೆನ್ನಿಗೆ ಕಟ್ಟಿದ ಕಬ್ಬಿಣದ ಒಲೆಗೆ ಅಹಮದಸಾಬರು ಇದ್ದಲಿ ಸುರಿದು ಕೈಪಂಖ ತಿರುಗಿಸುತ್ತಿದ್ದಾರೆ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ನಮ್ಮ ಕಡೆಯ ಮೋಟಾರುಗಳೆಲ್ಲ ಇದ್ದಲಿಯ ಗ್ಯಾಸಿನ ಮೇಲೆಯೇ ಓಡುತ್ತಿವೆ. ಒಲೆ ಕಾದು ಗ್ಯಾಸು ಕಟ್ಟಲು ಮುಕ್ಕಾಲು ತಾಸು ಬೇಕು. ದಿನಕ್ಕೆ ಎರಡು ಚೀಲ ಇದ್ದಲಿ. ಸಂಜೆ ಮೋಟಾರು ಮರಳಿದ ಮೇಲೆ ಬೂದಿ ತೆಗೆದು, ಗ್ಯಾಸು ಸೋಸುವ ಡಬ್ಬಿಯನ್ನು ತೊಳೆದಿಟ್ಟರೆ ಅವರ ಕೆಲಸ ಮುಗಿದಂತೆ.

ಐವತ್ತು ದಾಟಿದ ಅಹಮದಸಾಬರು ಮೊದಲು ಟಾಂಗಾ ಹೊಡೆಯುತ್ತಿದ್ದವರು. ಕುದುರೆ ಸತ್ತ ಮೇಲೆ ಮೋಟಾರಿಗೆ ಬಂದರು. ಬಲಗೈ ಮೇಲೆ ಒಲೆಯ ಮುಚ್ಚಳ ಸುಟ್ಟ ಕಲೆಗಳಿವೆ. “ಕುದುರಿ ನಿಂತರ ಮಂದಿ ಕುದುರಿಗೆ ಬೈತಿದ್ರು. ಮೋಟಾರ ನಿಂತರ ನನಗ ಬೈತಾರ್ರಿ,” ಎಂದು ನಗುತ್ತಾರೆ.

ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನೂ ಹತ್ತಿದ್ದೇನೆ. ಹಳಿಯಾಳ ಇನ್ನೂ ದೂರವಿರುವಾಗ, ಕಾಡಿನ ಅಂಚಿನ ಒಂದು ಕೆರೆಯ ಬಳಿ ಮೋಟಾರು ಕೆಮ್ಮಿ ನಿಲ್ಲುತ್ತದೆ. ಡ್ರೈವರ್ ಏಕನಾಥ ಇಳಿದು ಬಂದು, “ಹಸಿ ಇದ್ದಲಿ ಕೊಟ್ಟಾನ ಮಗ,” ಎಂದು ಇದ್ದಲಿ ಮಾರಿದವನನ್ನು ಬೈಯುತ್ತಾನೆ. ಅಹಮದಸಾಬರು ಸೋಸುವ ಡಬ್ಬಿ ಬಿಚ್ಚಲು ಕೂಡುತ್ತಾರೆ.

ಬೇಸರದಿಂದ ಇಳಿದ ನಾವು ಕೆರೆಯ ಕಡೆ ನೋಡಿದರೆ, ನೀರಿನಿಂದ ಆರೇಳು ತಲೆಗಳು ಒಮ್ಮೆಲೇ ಮೇಲೇಳುತ್ತವೆ. ನೀರುನಾಯಿಗಳು! ತಾಯಿಯೊಂದು ಮೀನು ಕಚ್ಚಿಕೊಂಡು ಬಂಡೆ ಹತ್ತುತ್ತದೆ. ಮರಿಗಳು ಅದಕ್ಕಾಗಿ ಕಿಚಕಿಚ ಜಗಳಾಡಿ, ಒಂದರ ಮೇಲೊಂದು ಉರುಳಿ, ಮೀನನ್ನೇ ನೀರಿಗೆ ಬೀಳಿಸುತ್ತವೆ. ಧಾರವಾಡದ ಮಾಳಮಡ್ಡಿಯಿಂದ ನಮ್ಮ ಜೊತೆ ಬಂದ ಅಜ್ಜಿ ತಾರಾಬಾಯಿಯವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ.

ಪಕ್ಕದ ಹೊಲದ ಅಕ್ಕವ್ವ ನಮ್ಮ ಗದ್ದಲ ಕೇಳಿ ಬರುತ್ತಾರೆ. “ಹಸದಿರಬೇಕು, ಕುಂಡರ್ರಿ,” ಎಂದು ಹೊಲದ ಕೆಲಸಕ್ಕೆ ತಂದಿದ್ದ ಬುತ್ತಿಯನ್ನೇ ಬಿಚ್ಚಿ, ರೊಟ್ಟಿಯ ಮೇಲೆ ಕಡಲೆಹಿಟ್ಟಿನ ಝುಣಕಾ ಇಟ್ಟು ಕೈಕೈಗೆ ಕೊಡುತ್ತಾರೆ. ಹೊರಗಿನ ನೀರೂ ಮುಟ್ಟದ ತಾರಾಬಾಯಿಯವರಿಗೆಂದು ಬಳ್ಳಿಯಿಂದ ಎಳೆ ಸೌತೆಕಾಯಿ ಕಿತ್ತು ತರುತ್ತಾರೆ.

“ಸಾಬ್ರ, ನಿಮ್ಮ ಮೋಟಾರ ನಿಂತದ್ದು ಭಾಳ ಛಲೋ ಆತು ನೋಡ್ರಿ,” ಎನ್ನುತ್ತಾರೆ ತಾರಾಬಾಯಿ. “ಈ ವಯಸ್ಸಿನಾಗ ಇಂಥಾದ್ದು ನೋಡೂ ಹಂಗಾತು.”

ಅಹಮದಸಾಬರ ಕಣ್ಣು ರಸ್ತೆಯ ಮೇಲಿದೆ. ಅಲ್ಲಿ ನಮ್ಮ ಮೋಟಾರಿನಲ್ಲೇ ಬಂದ ಸೂಸನ್ ಎಂಬ ಹುಡುಗಿ ಒಬ್ಬಳೇ ಅತ್ತಿಂದಿತ್ತ ನಡೆಯುತ್ತಿದ್ದಾಳೆ. ರೊಟ್ಟಿಯನ್ನೂ ಮುಟ್ಟಿಲ್ಲ. ಬಾಯಲ್ಲಿ ತುತ್ತಿಟ್ಟುಕೊಂಡಿದ್ದ ನನಗೆ ಆಗಷ್ಟೇ ಅವಳು ಕಣ್ಣಿಗೆ ಬೀಳುತ್ತಾಳೆ.

“ಇನ್ನೆಷ್ಟ ಹೊತ್ತ್ರಿ ಸಾಬ್ರ?” ಎಂದು ಸೂಸನ್ ಕೇಳುತ್ತಾಳೆ. “ಹನ್ನೊಂದಕ್ಕ ಹಳಿಯಾಳದ ಸಾಲ್ಯಾಗ ಕರದಾರ. ಮಾಸ್ತರಿಕಿ ನೌಕರಿ.”

ಅಹಮದಸಾಬರು ಮಸಿಗೈಯಲ್ಲಿ ಎದ್ದು ನಿಲ್ಲುತ್ತಾರೆ. “ಬಾಯಾರ, ಇದ್ದಲಿ ಹಸಿ ಇಲ್ರಿ. ನಿನ್ನಿ ಬಯಲಾಟ ನೋಡಾಕ ಹೋಗೂ ಅವಸರದಾಗ ಈ ಡಬ್ಬಿ ತೊಳೀಲಿಲ್ಲ. ಮಸಿ ಕಟ್ಟೈತಿ. ತಪ್ಪು ನಂದ.”

“ಸುಮ್ನಿರೋ,” ಎಂದು ಏಕನಾಥ ಪಿಸುಗುಟ್ಟುತ್ತಾನೆ. “ಮಾಲಕರಿಗೆ ಗೊತ್ತಾದ್ರ ತಗದ ಹಾಕ್ತಾರ.”

“ಇರಲಿ ಬಿಡ್ರಿ, ಅದರಿಂದನ ನಮಗ ಇಷ್ಟ ನೋಡಾಕ ಸಿಕ್ತು,” ಎಂದು ಯಾರೋ ಸಮಾಧಾನ ಹೇಳುತ್ತಾರೆ. ಅಹಮದಸಾಬರ ಮುಖ ಇನ್ನಷ್ಟು ಕುಗ್ಗುತ್ತದೆ. ಸೂಸನ್ ಒಂದೇ ಮಾತು ಹೇಳುತ್ತಾಳೆ: “ಇದನ್ನ ಸಾಲ್ಯಾಗ ಬಂದ ಹೇಳ್ತೀರೇನ್ರಿ?”

ಹೇಳುತ್ತಾರೆ. ಹಳಿಯಾಳ ಮುಟ್ಟಿದಾಗ ಮಧ್ಯಾಹ್ನ. ಅದೇ ಮಸಿಬಟ್ಟೆಯಲ್ಲಿ ಅವಳ ಹಿಂದೆ ನಡೆದು, ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಸಾಹೇಬ್ರ, ತಡಾ ಆಗಿದ್ದು ನನ್ನಿಂದ, ಬಾಯಾರಿಂದ ಅಲ್ಲ,” ಎನ್ನುತ್ತಾರೆ. ಹೆಡ್‌ಮಾಸ್ತರರು ಇಬ್ಬರಿಗೂ ಕೂಡಲು ಹೇಳಿ, ನೀರು ತರಿಸುತ್ತಾರೆ. ನೌಕರಿ ಆಗಲೇ ಬೇರೆಯವರಿಗೆ ಹೋಗಿದೆ. ಸೂಸನ್ ನೀರು ಕುಡಿಯುತ್ತಾಳೆ. ಅಹಮದಸಾಬರು ಲೋಟ ಹಿಡಿದು ಹಾಗೇ ನಿಂತಿರುತ್ತಾರೆ.

ಸಂಜೆ ಧಾರವಾಡದಲ್ಲಿ ಮಾಲೀಕರ ಮುಂದೆಯೂ ತಾವೇ ಹೋಗಿ ಹೇಳುತ್ತಾರೆ. ಮಾಲೀಕರು ಮಂದಿಯ ಎದುರೇ ಬೈದು, ಕೆಲಸದಲ್ಲಿ ಉಳಿಸಿಕೊಳ್ಳುತ್ತಾರೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳಿದರೆ, “ಬರೀರಿ. ನನ್ನ ಹೆಸರೂ ಹಾಕ್ರಿ,” ಎನ್ನುತ್ತಾರೆ.

ಧಾರವಾಡಕ್ಕೆ ನಮ್ಮ ಜೊತೆಗೇ ಮರಳಿ, ಮೋಟಾರಿನಿಂದ ಇಳಿದು ಹೋಗುವ ಮುನ್ನ ಸೂಸನ್ ಅವರಿಗೆ ಹೇಳಿದ್ದಿಷ್ಟು: ಬರುವ ಸೋಮವಾರ ದಾಂಡೇಲಿಯ ಕಡೆ ಇನ್ನೊಂದು ಶಾಲೆಯಲ್ಲಿ ಕರೆದಿದ್ದಾರೆ, ಹಳಿಯಾಳದವರೆಗೆ ಇದೇ ಮೋಟಾರಿಗೆ ಬರುತ್ತೇನೆ.

ಕ್ಷಮಿಸಿದ್ದಾಳಲ್ಲ, ಇನ್ನೇಕೆ ಸಂಕಟ ಎಂದು ನಾನು ಕೇಳುತ್ತೇನೆ. ಅಹಮದಸಾಬರು ಕೈಯ ಮಸಿಯನ್ನು ಧೋತರದ ಅಂಚಿಗೆ ಒರೆಸಿಕೊಳ್ಳುತ್ತಾರೆ.

“ಮಾಫಿ ಮಾಡಿ ಬರಾಕತ್ತಿಲ್ರಿ ಅವ್ರು. ಆ ಕಡೆ ಬ್ಯಾರೆ ಮೋಟಾರ ಇಲ್ಲ, ಅದಕ್ಕ ಬರ್ತಾರ. ಸೋಮವಾರ ಅವ್ರನ್ನ ಸರಿ ಹೊತ್ತಿಗೆ ಮುಟ್ಟಸ್ತೇನಿ. ಅಷ್ಟಾದ್ರ ಸಾಕ್ರಿ ನನಗ.”